ಸೂರು ಸೋರುವಾಗಲೇ ಬಾಗಿಲು ತಟ್ಟಿ: ಹಳೆಯ ಬಡಾವಣೆಯ ನಿವಾಸಿಗಳ ಸಂಘಕ್ಕೊಂದು ಕೈಪಿಡಿ

ಹಳೆಯ ಮನೆಯ ಮುಂದೆ ಜೆಸಿಬಿ ಬಂದು ನಿಂತಾಗ ಸಂಘದವರು ಫಲಕ ಹಿಡಿದು ಓಡಿ ಬರುತ್ತಾರೆ. ಆ ಹೊತ್ತಿಗೆ ಮುಂಗಡ ಹಣ ಕೈಸೇರಿರುತ್ತದೆ, ಕರಾರು ನೋಂದಣಿಯಾಗಿರುತ್ತದೆ, ಮನೆಯವರು ಸಾಮಾನು ಸಾಗಿಸಿ ಬಾಡಿಗೆ ಮನೆ ಸೇರಿರುತ್ತಾರೆ. ಅಲ್ಲಿಂದ ಮುಂದೆ ಯಾವ ಘೋಷಣೆಗೂ ಗೋಡೆ ನಿಲ್ಲುವುದಿಲ್ಲ. ಬಡಾವಣೆಯ ಪರಂಪರೆಯನ್ನು ಉಳಿಸಬೇಕೆಂದು ಹೊರಟ ಯಾವ ಸಂಘಕ್ಕಾದರೂ ನಾನು ಹೇಳುವ ಮೊದಲ ಮಾತು ಇದು: ಮನೆಯವರ ಕಷ್ಟ ಕೇಳುವುದರಿಂದ ಕೆಲಸ ಶುರು ಮಾಡಿ. ಕಮಾನು, ಕಂಬಗಳ ಮಾತು ಆಮೇಲೆ.

ನಾನು ಮೈಸೂರಿನ ಲಕ್ಷ್ಮೀಪುರಂನವಳು. ಉಪನೋಂದಣಿ ಕಚೇರಿಯಲ್ಲಿ ದುಡಿದು ನಿವೃತ್ತಳಾದ ಮೇಲೆ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಯ ಹೊಣೆ ನನ್ನ ಹೆಗಲಿಗೆ ಬಂತು. ಕ್ರಯಪತ್ರ, ಪಾಲುಪತ್ರ, ಉಯಿಲುಗಳ ನಡುವೆ ಇಡೀ ನೌಕರಿ ಕಳೆದವಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹಳೆಯ ಮನೆ ಕೈಬಿಟ್ಟು ಹೋಗುವುದು ಬಹುಪಾಲು ಇಂಥ ಕಾರಣಗಳಿಗೆ: ಸೂರು ಸೋರುತ್ತದೆ, ಅಣ್ಣ ತಮ್ಮ ಅಕ್ಕ ತಂಗಿಯರ ನಡುವೆ ಪಾಲಾಗಿಲ್ಲ, ಇರುವವರಿಗೆ ವಯಸ್ಸಾಗಿ ಅಷ್ಟು ದೊಡ್ಡ ಮನೆಯನ್ನು ಗುಡಿಸಿ ಸಾರಿಸುವ ಶಕ್ತಿಯಿಲ್ಲ. ಈ ಎಲ್ಲಕ್ಕೂ ನೆರೆಹೊರೆಯವರ ಕೈಯಲ್ಲಿ ಪರಿಹಾರವಿದೆ. ಸರಕಾರಕ್ಕಿಂತ ಹೆಚ್ಚು ನಮ್ಮ ಕೈಯಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಬಡಾವಣೆ ಹೀಗೇಕಿದೆ ಎಂದು ಮೊದಲು ತಿಳಿಯಿರಿ

19ನೆಯ ಶತಮಾನದ ಕೊನೆಯಲ್ಲಿ ಮೈಸೂರಿಗೆ ಪ್ಲೇಗು ಬಡಿಯಿತು. ಕೋಟೆಯ ಸುತ್ತಮುತ್ತ ಗಾಳಿಬೆಳಕಿಲ್ಲದ ಕೇರಿಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದ ಜನರಿಗೆ ಹೊರಗೆ ವಿಶಾಲವಾದ ಜಾಗ ಬೇಕಾಯಿತು. 1903ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ನೆಟ್ಟಗಿನ ರಸ್ತೆಗಳು, ಮನೆಯ ಸುತ್ತ ಬಿಡಬೇಕಾದ ಜಾಗ, ಚರಂಡಿಯ ವ್ಯವಸ್ಥೆ, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ (ಮಲ, ಕಸ ಸಾಗಿಸಲು ಬಿಟ್ಟ ಕಿರುದಾರಿ) ಇವೆಲ್ಲ ರೋಗಕ್ಕೆ ಹೆದರಿದ ಊರೊಂದು ಯೋಚಿಸಿ ಮಾಡಿಕೊಂಡ ಏರ್ಪಾಡುಗಳು. ಇದು ತಿಳಿದ ಮೇಲೆ ಉಳಿಸಬೇಕಾದ ವಸ್ತುಗಳ ಪಟ್ಟಿಯೇ ಬದಲಾಗುತ್ತದೆ. ಚಂದದ ಮುಂಭಾಗವಿರುವ ಮನೆಯಷ್ಟೇ ಅದರ ಹಿಂದಿನ ಗಲ್ಲಿಯೂ ಮುಖ್ಯವಾಗುತ್ತದೆ. ಕಸ ಸುರಿದು, ಶೆಡ್ಡು ಹಾಕಿ, ಕೊನೆಗೆ ಗೋಡೆ ಎಬ್ಬಿಸಿ ಗಲ್ಲಿಯನ್ನು ನುಂಗಿದವರ ಮನೆಗೂ ಗಾಳಿ ಬರುತ್ತಿದ್ದದ್ದು ಆ ಗಲ್ಲಿಯಿಂದಲೇ.

ನಿಮ್ಮ ಊರಿನ ಬಡಾವಣೆಗೂ ಇಂಥದೊಂದು ಕಾರಣ ಇದ್ದೇ ಇರುತ್ತದೆ. ಕೆರೆ ಇರಬಹುದು, ಅಗ್ರಹಾರ ಇರಬಹುದು, ರೈಲು ನಿಲ್ದಾಣ ಇರಬಹುದು. ಅದನ್ನು ಹುಡುಕಿ ಒಂದು ಪುಟ ಬರೆದಿಟ್ಟುಕೊಳ್ಳಿ. ಮುಂದೆ ಯಾವ ಕಚೇರಿಗೆ ಹೋದರೂ ಆ ಪುಟ ನಿಮ್ಮ ಅರ್ಜಿಯ ಮೊದಲ ಹಾಳೆಯಾಗುತ್ತದೆ.

ಮನೆ ಮನೆಗೆ ಹೋಗುವ ಬಗೆ

ಇಬ್ಬರು ಹೋಗಿ, ಒಬ್ಬರು ಹಿರಿಯರು, ಒಬ್ಬರು ಕಾಲೇಜಿನ ವಯಸ್ಸಿನವರು. ಹಿರಿಯರ ಮುಖ ನೋಡಿ ಬಾಗಿಲು ತೆರೆಯುತ್ತದೆ. ಕಿರಿಯರು ಫೋಟೊ ತೆಗೆಯುತ್ತಾರೆ, ಅಳತೆ ಹಿಡಿಯುತ್ತಾರೆ. ಹೋದ ಕೂಡಲೇ ‘ನಿಮ್ಮ ಮನೆ ಪಾರಂಪರಿಕ ಕಟ್ಟಡ’ ಎಂದು ಶುರು ಮಾಡಬೇಡಿ. ಆ ಮಾತು ಕಿವಿಗೆ ಬಿದ್ದರೆ ಮಾಲೀಕರು ‘ಇನ್ನು ಮನೆ ಮಾರುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ’ ಎಂದು ಗಾಬರಿಯಾಗುತ್ತಾರೆ. ಕೇಳಬೇಕಾದ ಮೊದಲ ಪ್ರಶ್ನೆ, ‘ಮಳೆಗಾಲದಲ್ಲಿ ಎಲ್ಲಿ ಸೋರುತ್ತದೆ?’ ಎಂಬುದು. ಇದಕ್ಕೆ ಉತ್ತರ ಹೇಳದ ಮನೆಯನ್ನು ನಾನು ಕಂಡಿಲ್ಲ. ಉತ್ತರ ಹೇಳುತ್ತಲೇ ಅವರು ನಿಮ್ಮನ್ನು ಅಡುಗೆಮನೆಗೆ, ಅಟ್ಟಕ್ಕೆ, ಹಿತ್ತಲಿಗೆ ಕರೆದುಕೊಂಡು ಹೋಗುತ್ತಾರೆ. ನೀವು ನೋಡಬೇಕಾದದ್ದೆಲ್ಲ ಅಲ್ಲಿದೆ.

ನಮ್ಮ ಬೀದಿಯ ಹಿರಿಯರೊಬ್ಬರು ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು, ‘ಉಳಿಸಿಕೊಳ್ಳಿ ಎನ್ನುವವರು ಬಹಳ ಜನ ಬಂದರಮ್ಮ, ಒಡೆದ ಹೆಂಚು ಬದಲಾಯಿಸಿಕೊಡುವವರು ಒಬ್ಬರೂ ಬರಲಿಲ್ಲ’ ಎಂದಿದ್ದರು. ನಮ್ಮ ಸಂಘದ ಕೆಲಸದ ದಿಕ್ಕು ತಿರುಗಿದ್ದು ಆ ಮಾತಿನಿಂದ.

ದಾಖಲೆ ಪುಸ್ತಕದಲ್ಲಿ ಒಂದು ಮನೆಗೆ ಒಂದು ಹಾಳೆ ಸಾಕು. ಶಾಸ್ತ್ರೀಯ ಭಾಷೆ ಬೇಕಿಲ್ಲ, ಕಂಡದ್ದನ್ನು ಬರೆಯಿರಿ. ನಮ್ಮ ಒಂದು ಹಾಳೆ ಹೀಗಿದೆ: ‘ಮುಂಭಾಗಕ್ಕೆ ಮಂಗಳೂರು ಹೆಂಚು, ಹಿಂದೆ ಮದ್ರಾಸ್ ಟೆರೇಸ್. ಜಗಲಿಗೆ ನಾಲ್ಕು ಮರದ ಕಂಬ, ಒಂದರ ಬುಡಕ್ಕೆ ಗೆದ್ದಲು. ಹಜಾರದ ಕೆಂಪು ನೆಲ ಬಿರುಕಿಲ್ಲದೆ ಇದೆ. ಅಡುಗೆಮನೆಯ ಮೂಲೆಯಲ್ಲಿ ಸೋರಿಕೆ. ಹಿತ್ತಲಲ್ಲಿ ಬಾವಿ, ನೀರಿದೆ. ಯಜಮಾನಿ ಒಬ್ಬರೇ ಇದ್ದಾರೆ, ಮಗಳು ಹೊರದೇಶದಲ್ಲಿ. ಖಾತೆ ಇನ್ನೂ ಮಾವನವರ ಹೆಸರಿನಲ್ಲಿದೆ.’ ಕೊನೆಯ ಎರಡು ವಾಕ್ಯಗಳು ವಾಸ್ತುಶಿಲ್ಪದ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಆದರೆ ಆ ಮನೆಯ ಭವಿಷ್ಯ ಇರುವುದು ಆ ಎರಡರಲ್ಲಿ. ಹಾಗೆಂದೇ ಈ ಪುಸ್ತಕ ಎಲ್ಲರ ಕೈಗೂ ಸಿಗಬಾರದು. ಕಟ್ಟಡದ ವಿವರ ಬೇರೆ, ಮನೆತನದ ವಿವರ ಬೇರೆ ಹಾಳೆಯಲ್ಲಿರಲಿ; ಎರಡನೆಯದು ಕಾರ್ಯದರ್ಶಿಯ ಬೀರುವಿನಲ್ಲಿ ಭದ್ರವಾಗಿರಲಿ. ಇಂಥ ಮಾಹಿತಿ ದಲ್ಲಾಳಿಯ ಕೈಗೆ ಸಿಕ್ಕರೆ ನಾವೇ ಮನೆಗಳನ್ನು ತೋರಿಸಿಕೊಟ್ಟಂತಾಗುತ್ತದೆ.

ಹಳೆಯ ಫೋಟೊ ಕೇಳುವುದಾದರೆ ಮದುವೆಯ ಆಲ್ಬಮ್ ಕೇಳಿ. ಮನೆಯ ಫೋಟೊ ಎಂದು ಯಾರೂ ತೆಗೆಸಿಟ್ಟಿರುವುದಿಲ್ಲ. ಮದುವೆಯ ದಿನ ಚಪ್ಪರದಡಿ ನಿಂತವರ ಬೆನ್ನ ಹಿಂದೆ ಜಗಲಿಯ ಕಟಕಟೆ, ಕಿಟಕಿಯ ಸರಳು, ಬಾಗಿಲ ಮೇಲಿನ ಬಣ್ಣದ ಗಾಜು ಎಲ್ಲ ಇರುತ್ತದೆ. ಟ್ರಂಕಿನ ತಳದಲ್ಲಿ ಮಂಡಳಿಯ ಮುದ್ರೆಯಿರುವ ನಕ್ಷೆ ಸಿಕ್ಕರೆ ಅಲ್ಲೇ ಮೊಬೈಲಿನಲ್ಲಿ ಸೆರೆಹಿಡಿದು ಮೂಲವನ್ನು ಅವರಿಗೇ ಬಿಡಿ. ಯಾರ ಕಾಗದವನ್ನೂ ‘ನಾಳೆ ಕೊಡುತ್ತೇವೆ’ ಎಂದು ಒಯ್ಯಬೇಡಿ.

ಸೂರಿನ ಕೆಲಸ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚು ಮನೆಗಳು ಹಾಳಾಗುವುದು ಇಲ್ಲಿಂದ.

ಹೆಂಚಿನ ಮನೆಗೆ ಏಪ್ರಿಲ್ ಕೊನೆಯೊಳಗೆ ಒಬ್ಬ ಅನುಭವಿ ಕೆಲಸಗಾರ ಮಾಡು ಹತ್ತಿ ನೋಡಬೇಕು. ಒಡೆದ ಹೆಂಚು ತೆಗೆದು ಹೊಸದು ಕೂರಿಸುವುದು, ಹೆಂಚಿನಡಿಯ ಮರದ ಪಟ್ಟಿ, ಅಂದರೆ ರೀಪು ಕೊಳೆತಿದ್ದರೆ ಬದಲಾಯಿಸುವುದು, ಎಲೆ ಕಸ ತೆಗೆಯುವುದು ಅಷ್ಟೇ ಕೆಲಸ. ಒಂದೊಂದು ಮನೆಯವರು ಬೇರೆ ಬೇರೆಯಾಗಿ ಕರೆದರೆ ಕೆಲಸಗಾರ ಬರುವುದಿಲ್ಲ, ಬಂದರೂ ಕೂಲಿ ದುಬಾರಿ. ಸಂಘ ಒಂದು ವಾರ ಗೊತ್ತು ಮಾಡಿ ಇಡೀ ಬೀದಿಗೆ ಒಬ್ಬನನ್ನೇ ಕರೆಸಿದರೆ ಎಲ್ಲರಿಗೂ ಕೈಗೆಟಕುತ್ತದೆ. ಎಲ್ಲಾದರೂ ಹಳೆಯ ಮನೆ ಕೆಡವುತ್ತಿದ್ದರೆ ಅಲ್ಲಿನ ಗಟ್ಟಿ ಹೆಂಚುಗಳನ್ನು ಕೊಂಡು ಯಾರದಾದರೂ ಹಿತ್ತಲಲ್ಲಿ ಜೋಡಿಸಿಡಿ. ಒಂದು ಕಂಪನಿಯ ಹೆಂಚಿನ ಕೊಂಡಿ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಹಳೆಯ ಹೆಂಚಿಗೆ ಅದೇ ಅಚ್ಚಿನ ಜೋಡಿ ಹುಡುಕುವ ಕಷ್ಟ ಮಾಡಿದವರಿಗೇ ಗೊತ್ತು.

ಮದ್ರಾಸ್ ಟೆರೇಸಿನ ಕಥೆ ಬೇರೆ. ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಗಾರೆ ಹಾಸಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸುತ್ತಾ ಮರದ ಹಲಗೆಯಿಂದ ದಿನಗಟ್ಟಲೆ ತಟ್ಟಿ ಗಟ್ಟಿಮಾಡಿದ ಛಾವಣಿ ಅದು. ಸರಿಯಾಗಿ ನೋಡಿಕೊಂಡರೆ ನೂರು ವರ್ಷ ಬಾಳುತ್ತದೆ. ಕೆಡುವುದು ಎಲ್ಲಿಂದ? ಮಳೆನೀರು ಹೋಗುವ ದೋಣಿಯಲ್ಲಿ ಕಸ ಕಟ್ಟುತ್ತದೆ. ಕೈಪಿಡಿ ಗೋಡೆಯ ಸಂದಿನಲ್ಲಿ ಅರಳಿ ಸಸಿ ಹುಟ್ಟುತ್ತದೆ. ನೀರು ನಿಂತು ಜಿನುಗುತ್ತದೆ. ಆಗ ಯಾರೋ ಬಂದು ಮೇಲೆ ಒಂದು ಪದರ ಸಿಮೆಂಟು ಬಳಿದು ಹೋಗುತ್ತಾರೆ. ಒಳಗಿನ ತೇವಕ್ಕೆ ಹೊರಗೆ ಬರಲು ದಾರಿಯಿಲ್ಲದೆ ಗೋಡೆಯೊಳಗೆ ಹೂತಿರುವ ತೊಲೆಯ ತುದಿ ಮೆಲ್ಲನೆ ಕೊಳೆಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಛಾವಣಿ ಮಾತ್ರ ಪ್ರತಿ ವರ್ಷ ಭಾರವಾಗುತ್ತಾ ಹೋಗುತ್ತದೆ.

ನೋಡುವ ಬಗೆ ಸುಲಭ. ಏಣಿ ಹಾಕಿ, ತೊಲೆ ಗೋಡೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಗಟ್ಟಿ ಮರ ಮುಳ್ಳಿನಷ್ಟೂ ಜಾಗ ಬಿಡುವುದಿಲ್ಲ. ತುದಿ ಒಳಗೆ ಇಳಿದರೆ ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ, ತೊಲೆಗೆ ಆಸರೆ ಕೊಡಿಸಿ, ಹಳೆಯ ಕಟ್ಟಡಗಳಲ್ಲಿ ಕೆಲಸ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಯಿರಿ. ಇದರಲ್ಲಿ ಉದಾಸೀನ ಬೇಡ. 2012ರ ಆಗಸ್ಟ್‌ನಲ್ಲಿ ನಮ್ಮೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಮಳೆಗಾಲದಲ್ಲಿ. ಜನರ ಜೀವಕ್ಕಿಂತ ದೊಡ್ಡ ಪರಂಪರೆ ಇಲ್ಲ. ಅಪಾಯವಿರುವ ಮನೆಯನ್ನು ‘ಚೆನ್ನಾಗಿದೆ, ಇರಲಿ’ ಎಂದು ಹೇಳುವ ಸಂಘ ಒಂದು ಸಾವಿಗೆ ಕಾರಣವಾದರೆ ಆ ಊರಿನಲ್ಲಿ ಮತ್ತೊಂದು ಹಳೆಯ ಕಟ್ಟಡ ಉಳಿಯುವುದಿಲ್ಲ.

ಗೋಡೆಗೂ ಇದೇ ನಿಯಮ. ಸುಣ್ಣದ ಗಾರೆಯ ಗೋಡೆಗೆ ಸುಣ್ಣದ ಗಾರೆಯನ್ನೇ ಬಳಿಸಿ. ಸಿಮೆಂಟು ಬಳಿದರೆ ತೇವ ಒಳಗೆ ಸಿಕ್ಕಿಬಿದ್ದು, ಗೋಡೆ ಉಪ್ಪು ಕಾರಿ, ಒಂದೆರಡು ಮಳೆಗಾಲದಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಸೋಸಿ, ಕೆಲವು ವಾರ ನೀರಿನಡಿಯಲ್ಲೇ ಬಿಟ್ಟು, ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ಮರಳು ಬೆರೆಸುವುದು ರೂಢಿ. ಸುಣ್ಣ ಅರಳುವಾಗ ಕುದಿಯುತ್ತದೆ, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲೇಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಹಳೆಯ ದೇವಸ್ಥಾನಗಳ ಜೀರ್ಣೋದ್ಧಾರ ನಡೆಯುವಲ್ಲಿ ವಿಚಾರಿಸಿದರೆ ಸಿಗುತ್ತಾರೆ. ಸಿಕ್ಕವರ ಹೆಸರು, ಫೋನ್ ಸಂಖ್ಯೆ, ಮಾಡಿದ ಕೆಲಸ, ತೆಗೆದುಕೊಂಡ ಕೂಲಿ ಎಲ್ಲವನ್ನೂ ಸಂಘದಲ್ಲಿ ಬರೆದಿಡಿ. ಒಬ್ಬ ಎಳೆಯ ಕೆಲಸಗಾರನನ್ನು ಅವರ ಜೊತೆ ಕಲಿಯಲು ಬಿಟ್ಟು ಅವನ ಕೂಲಿಯನ್ನು ಸಂಘದ ನಿಧಿಯಿಂದ ಕೊಟ್ಟರೆ, ಅದಕ್ಕಿಂತ ಸಾರ್ಥಕವಾದ ಖರ್ಚು ಬೇರೆ ಇಲ್ಲ.

ಪಾಲು, ಖಾತೆ, ಬಾಡಿಗೆ

ಸೂರಿನ ನಂತರ ಕಾಗದ. ಖಾತೆ ಸತ್ತವರ ಹೆಸರಿನಲ್ಲೇ ಇದ್ದರೆ ದುರಸ್ತಿಗೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಬಾಡಿಗೆ ಕರಾರಿಗೆ ಸಹಿ ಹಾಕುವವರು ಯಾರೆಂಬ ಜಗಳ ಹುಟ್ಟುತ್ತದೆ, ಕೊನೆಗೆ ಎಲ್ಲರಿಗೂ ‘ಮಾರಿ ಹಂಚಿಕೊಳ್ಳೋಣ’ ಎನ್ನುವುದೇ ಸುಲಭವಾಗಿ ಕಾಣುತ್ತದೆ. ಸಂಘ ಮನೆಯ ಜಗಳಕ್ಕೆ ತಲೆ ಹಾಕಬಾರದು. ಆದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಕಂದಾಯದ ರಸೀದಿ, ಋಣಭಾರ ಪತ್ರ ಯಾವ ಕ್ರಮದಲ್ಲಿ ಬೇಕು, ಎಲ್ಲಿ ಸಿಗುತ್ತದೆ ಎಂದು ಹೇಳಿಕೊಡಬಹುದು. ವಯಸ್ಸಾದವರ ಜೊತೆ ಕಚೇರಿಗೆ ಹೋಗಿ ಬರಬಹುದು. ಹೊರದೇಶದಲ್ಲಿರುವ ಮಕ್ಕಳು ದಸರೆಗೆ ಬಂದಾಗ ಎಲ್ಲ ಪಾಲುದಾರರನ್ನೂ ಒಬ್ಬ ನಂಬಿಕಸ್ತ ವಕೀಲರ ಮುಂದೆ ಕೂರಿಸಬಹುದು. ಹೆಣ್ಣುಮಕ್ಕಳ ಪಾಲನ್ನು ಬಿಟ್ಟು ಮಾಡಿದ ಪಾಲುಪತ್ರ ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ. ವ್ಯಾಜ್ಯದಲ್ಲಿ ಸಿಕ್ಕ ಮನೆಯ ಸೂರನ್ನು ಯಾರೂ ರಿಪೇರಿ ಮಾಡಿಸುವುದಿಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ.

ಮನೆ ದುಡಿದರೆ ಉಳಿಯುತ್ತದೆ. ಮುಂದಿನ ಹಜಾರವನ್ನು ಸಂಗೀತ ಪಾಠಕ್ಕೆ, ವೈದ್ಯರ ಚಿಕಿತ್ಸಾಲಯಕ್ಕೆ, ವಕೀಲರ ಕಚೇರಿಗೆ ಬಾಡಿಗೆಗೆ ಕೊಟ್ಟು ಹಿಂದೆ ತಾವಿರುವವರು ಎಷ್ಟೋ ಜನ. ಕೆ. ಪಟ್ಟಾಭಿ ಜೋಯಿಸರು ಅಷ್ಟಾಂಗ ಯೋಗ ಕಲಿಸುತ್ತಿದ್ದ ಶಾಲೆ ಮೊದಲು ಇದ್ದದ್ದು ನಮ್ಮ ಲಕ್ಷ್ಮೀಪುರಂನಲ್ಲೇ. ಯೋಗ ಕಲಿಯಲು ಇಂದಿಗೂ ದೂರದಿಂದ ಮೈಸೂರಿಗೆ ಬರುವವರಿಗೆ ಜಗಲಿ, ಬಾವಿ, ಕೆಂಪು ನೆಲದ ಮನೆಯೇ ಬೇಕು. ಬಾಡಿಗೆಗೆ ಕೊಡುವಾಗ ಕರಾರಿನಲ್ಲಿ ಎರಡು ಸಾಲು ಸೇರಿಸಿ: ಗೋಡೆಗೆ ಸಿಮೆಂಟು, ನೆಲಕ್ಕೆ ಟೈಲ್ಸು ಹಾಕುವಂತಿಲ್ಲ, ಬಾಗಿಲು ಕಿಟಕಿ ಬದಲಾಯಿಸುವಂತಿಲ್ಲ.

ಕಾನೂನು, ಕಚೇರಿ, ಅರ್ಜಿ

ಸಂಘವನ್ನು ನೋಂದಾಯಿಸಿಕೊಳ್ಳಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದರೆ ಸಾಕು. ಉದ್ದೇಶಗಳ ಪಟ್ಟಿಯಲ್ಲಿ ಬಡಾವಣೆಯ ಪರಂಪರೆಯ ರಕ್ಷಣೆ ಎಂದು ಬರೆಸಿ. ನಾಳೆ ನ್ಯಾಯಾಲಯದಲ್ಲಿ ‘ನಿಮಗೇನು ಸಂಬಂಧ?’ ಎಂದು ಕೇಳಿದಾಗ ಆ ಸಾಲು ನೆರವಿಗೆ ಬರುತ್ತದೆ. ಪ್ರತಿ ವರ್ಷ ಸಭೆ, ಲೆಕ್ಕಪರಿಶೋಧನೆ, ಪದಾಧಿಕಾರಿಗಳ ಪಟ್ಟಿ ಸಲ್ಲಿಕೆ ತಪ್ಪಬಾರದು.

ಸ್ಮಾರಕಗಳ ಕಾನೂನು ಮನೆಗಳನ್ನು ಕಾಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಇರುತ್ತದೆ. ನಿಮ್ಮ ಬೀದಿ ಅದರೊಳಗೆ ಬಂದರೆ ಮಾತ್ರ ಅದರ ಪ್ರಯೋಜನ. ಉಳಿದಂತೆ ನಮಗೆ ಆಧಾರ 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರಲ್ಲಿ ಪಾರಂಪರಿಕ ಕಟ್ಟಡ ಎಂಬ ಪರಿಕಲ್ಪನೆಗೆ ಜಾಗವಿದೆ, ಮಹಾಯೋಜನೆಯ (ಊರಿನ ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸುವ ಅವಕಾಶವಿದೆ. ಆ ಅವಧಿ ಕಳೆದರೆ ಮತ್ತೆ ವರ್ಷಗಟ್ಟಲೆ ಕಾಯಬೇಕು, ಆದ್ದರಿಂದ ಪತ್ರಿಕೆಯ ಪ್ರಕಟಣೆಗಳನ್ನು ನೋಡುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಮರಗಳಿಗೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸಾಲುಮರಕ್ಕೆ ಕೊಡಲಿ ಬಿದ್ದರೆ ವೃಕ್ಷಾಧಿಕಾರಿಯ ಅನುಮತಿಪತ್ರ ತೋರಿಸಿ ಎಂದು ಕೇಳುವ ಧೈರ್ಯ ಇರಲಿ.

ಮಾಹಿತಿ ಹಕ್ಕಿನ ಅರ್ಜಿಯನ್ನು ಚಿಕ್ಕದಾಗಿ ಬರೆಯಿರಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಕನ್ಸರ್ವೆನ್ಸಿ ಗಲ್ಲಿಗಳ ಬಗ್ಗೆ ಎಲ್ಲ ಮಾಹಿತಿ ಕೊಡಿ’ ಎಂದರೆ ಏನೂ ಬರುವುದಿಲ್ಲ. ‘ಇಂಥ ಎರಡು ಅಡ್ಡರಸ್ತೆಗಳ ನಡುವಿನ ಗಲ್ಲಿಯ ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ ಕೊಡಿ’ ಎಂದು ಕೇಳಿ. ಯಾವ ಕಚೇರಿಗೆ ಏನೇ ಕೊಟ್ಟರೂ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ. ಮುದ್ರೆಯಿಲ್ಲದ ಅರ್ಜಿ ಕೊಟ್ಟೇ ಇಲ್ಲದ ಅರ್ಜಿ ಎಂದು ನೌಕರಿಯುದ್ದಕ್ಕೂ ನೋಡಿದ್ದೇನೆ.

ಕೆಡವಲು ಆರಂಭವಾದ ಮೇಲೂ ಆಸೆ ಬಿಡಬೇಕಾಗಿಲ್ಲ. ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದ್ದರು. ವಿಷಯ ಪತ್ರಿಕೆಗಳಲ್ಲಿ ಬಂದು ಜನ ದನಿ ಎತ್ತಿದ ಮೇಲೆ ಕೆಲಸ ನಿಂತಿತು. ನಗರಪಾಲಿಕೆ ಅದನ್ನು ಕೊಂಡು ದುರಸ್ತಿ ಮಾಡಿಸಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿ ಮಾಲೀಕರಿಗೆ ಹಣ ಸಂದಿತು ಎಂಬುದನ್ನು ಗಮನಿಸಿ. ಹೆಸರಾಂತರ ಮನೆಗಳಿಗೆ ಮಾತ್ರ ಒದಗುವ ದಾರಿ ಇದು. ಶಾಲಾ ಮೇಷ್ಟ್ರ ಮನೆಗೆ, ಗುಮಾಸ್ತರ ಮನೆಗೆ ಅಷ್ಟು ಹಣ ಸುರಿಯುವವರಿಲ್ಲ, ಬಡಾವಣೆ ತುಂಬ ಇರುವುದೋ ಅಂಥ ಮನೆಗಳೇ.

ಉಳಿಸಲಾಗದ ಮನೆ ಎಂದು ಖಚಿತವಾದಾಗ ಮಾಲೀಕರೊಂದಿಗೆ ಜಗಳಕ್ಕೆ ನಿಲ್ಲಬೇಡಿ. ಕೆಡವುವ ಮೊದಲು ಎರಡು ದಿನ ಕೊಡಿ ಎಂದು ಕೇಳಿ. ವಾಸ್ತುಶಿಲ್ಪ ಓದುವ ವಿದ್ಯಾರ್ಥಿಗಳನ್ನು ಕರೆತಂದು ಕೋಣೆ ಕೋಣೆಯ ಅಳತೆ ತೆಗೆಸಿ, ನಕ್ಷೆ ಬರೆಸಿ, ಫೋಟೊ ತೆಗೆಸಿ. ಹೆಂಚು, ತೊಲೆ, ಬಾಗಿಲು, ಕಿಟಕಿ ಸರಳುಗಳನ್ನು ಬೆಲೆ ಕೊಟ್ಟು ಕೊಳ್ಳಿ. ಅದೇ ಬೀದಿಯ ಇನ್ನೊಂದು ಮನೆಗೆ ನಾಳೆ ಬೇಕಾಗುತ್ತವೆ. ಹೊಸ ಮನೆ ಕಟ್ಟುವವರು ಒಪ್ಪಿದರೆ ಮುಂಭಾಗದ ಜಾಗ ಬಿಡಲು, ಹಳೆಯ ಕಾಂಪೌಂಡಿನ ಎತ್ತರ ಮೀರದಿರಲು, ಬೇವಿನ ಮರವನ್ನು ಉಳಿಸಿಕೊಂಡು ನಕ್ಷೆ ಮಾಡಿಸಲು ವಿನಂತಿಸಿ. ಕೇಳಿದರೆ ಒಪ್ಪುವವರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಇದ್ದಾರೆ. ಹೊಸಬರನ್ನೂ ಸಂಘದ ಸದಸ್ಯರನ್ನಾಗಿ ಮಾಡಿಕೊಳ್ಳಿ.

ಹಣದ ವಿಷಯದಲ್ಲಿ ಒಂದೇ ನಿಯಮ. ಬಡಾವಣೆಯಲ್ಲಿ ನಿವೇಶನ ಕೊಳ್ಳುವವರಿಂದ, ಕಟ್ಟಿ ಮಾರುವವರಿಂದ ಗಣಪತಿ ಹಬ್ಬಕ್ಕಾಗಲಿ ರಾಜ್ಯೋತ್ಸವಕ್ಕಾಗಲಿ ದೇಣಿಗೆ ಪಡೆಯಬೇಡಿ. ಸದಸ್ಯರ ವಂತಿಗೆಯಲ್ಲೇ ಒಂದು ಪಾಲನ್ನು ಸೂರಿನ ನಿಧಿ ಎಂದು ಬೇರೆ ತೆಗೆದಿಟ್ಟು, ಮಳೆಗಾಲಕ್ಕೆ ಮೊದಲು ಕೈಸಾಲವಾಗಿ ಕೊಟ್ಟು, ದೀಪಾವಳಿಯ ಹೊತ್ತಿಗೆ ವಾಪಸು ಪಡೆಯುವ ಏರ್ಪಾಡು ನಮ್ಮಲ್ಲಿ ಚೆನ್ನಾಗಿ ನಡೆದಿದೆ.

ದಾಖಲೆ ಪುಸ್ತಕವನ್ನು ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಮತ್ತೆ ಮನೆ ಮನೆಗೆ ಹೋಗಿ ತಿದ್ದಿ. ಕಟ್ಟಡಗಳ ಭಾಗದ ಒಂದು ಪ್ರತಿಯನ್ನು ಮೈಸೂರಿನಲ್ಲೇ ಕೇಂದ್ರ ಕಚೇರಿಯಿರುವ ಪುರಾತತ್ವ ಮತ್ತು ಪರಂಪರೆ ಇಲಾಖೆಗೆ, ಇನ್ನೊಂದನ್ನು ಹತ್ತಿರದ ಗ್ರಂಥಾಲಯಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರ್ಯದರ್ಶಿ ಬದಲಾಗುವ ವರ್ಷ ಹಳಬರು ಹೊಸಬರ ಜೊತೆ ಒಂದು ಸುತ್ತು ಎಲ್ಲ ಮನೆಗಳಿಗೂ ಹೋಗಬೇಕು. ಬೀರುವಿನ ಬೀಗದಕೈ, ಮೇಸ್ತ್ರಿಗಳ ಪಟ್ಟಿ, ಮುದ್ರೆ ಹಾಕಿಸಿದ ಅರ್ಜಿಗಳ ಕಡತ ಮೂರನ್ನೂ ಸಭೆಯ ನಡಾವಳಿಯಲ್ಲಿ ಬರೆಸಿ, ಸಹಿ ಪಡೆದು ಹಸ್ತಾಂತರಿಸಿ.